ಹಳೆಯ ಚರ್ಚಿನಲ್ಲಿ ಊರವರ ದನಿ: ಸದ್ದು ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಹಳೆಯ ಚರ್ಚಿನೊಳಗೆ ಊರವರ ದನಿಗಳನ್ನು ಕೇಳಿಸಲು ಹೊರಟವರಿಗಾಗಿ ಈ ಬರಹ. ದನಿಗಳನ್ನು ಮೊದಲೇ ರೆಕಾರ್ಡ್ ಮಾಡಿರುತ್ತೀರಿ. ಬೆಂಚುಗಳ ನಡುವೆ, ಕಂಬಗಳ ಪಕ್ಕ, ಹಾಡುವವರ ಮಾಳಿಗೆಯ ಕೆಳಗೆ ಚಿಕ್ಕ ಚಿಕ್ಕ ಸ್ಪೀಕರ್ ಇಟ್ಟಿರುತ್ತೀರಿ. ಬಂದವರು ನಡೆಯುತ್ತಾ, ನಿಲ್ಲುತ್ತಾ, ಕೂರುತ್ತಾ ಕೇಳುತ್ತಾರೆ. ಒಂದು ಕಡೆ ಅಜ್ಜಿಯೊಬ್ಬರು ರೋಸ್ ದಿನದ, ಅಂದರೆ ಮದುವೆಯ ಮುಂಚಿನ ಶಾಸ್ತ್ರದ, ವೊವಿಯೊ ಅನ್ನುವ ಕೊಂಕಣಿ ಹಾಡು ಹಾಡುತ್ತಾರೆ. ಇನ್ನೊಂದು ಕಡೆ ದೋಣಿಯವರೊಬ್ಬರು ಮಳೆಗಾಲದ ಕಡಲಿನ ಮಾತಾಡುತ್ತಾರೆ. ಮತ್ತೊಂದು ಕಡೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರ ನೆನಪು. ಕೊಂಕಣಿ, ತುಳು, ಕನ್ನಡ ಎಲ್ಲವೂ ಇರುತ್ತದೆ.

ನನ್ನ ಮನಸ್ಸಿನಲ್ಲಿರುವುದು ಕರಾವಳಿಯ ಚರ್ಚುಗಳು. ದಪ್ಪನೆಯ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಗಟ್ಟಿ ನೆಲ, ಎತ್ತರದ ಚಾವಣಿ, ಮೇಲೆ ಮಂಗಳೂರು ಹಂಚು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂಥ ಇನ್ನೂ ದೊಡ್ಡ ಕಟ್ಟಡದಲ್ಲೂ ಹುಡುಕುವ ದಾರಿ ಇದೇ. ಅಂಕಿಗಳು ಮಾತ್ರ ಬದಲಾಗುತ್ತವೆ.

ಸದ್ದು ಸರಿಯಿಲ್ಲ ಅಂತ ಯಾರಾದರೂ ಹೇಳಿದ ಕೂಡಲೇ ಕೈ ವಾಲ್ಯೂಮ್ ಕಡೆ ಹೋಗುತ್ತದೆ. ದಯವಿಟ್ಟು ಹೋಗಲು ಬಿಡಬೇಡಿ. ಇಂಥ ಕಟ್ಟಡದಲ್ಲಿ ವಾಲ್ಯೂಮ್ ಏರಿಸಿದರೆ ದನಿಯೂ ಏರುತ್ತದೆ, ಅದರ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಅರ್ಥವಾಗದ ಮಾತು ಅರ್ಥವಾಗದೆಯೇ ಉಳಿದು, ಇನ್ನಷ್ಟು ಜೋರಾಗುತ್ತದೆ. ಪಕ್ಕದ ಸ್ಪೀಕರಿನ ದನಿಯನ್ನೂ ಮುಳುಗಿಸುತ್ತದೆ. ಆಮೇಲೆ ಅದನ್ನೂ ಏರಿಸುತ್ತೀರಿ. ಸಂಜೆಯ ಹೊತ್ತಿಗೆ ಇಡೀ ಚರ್ಚು ಗದ್ದಲ.

ಹೀಗಾಗಿ ಮೊದಲ ನಿಯಮ ಇಷ್ಟೇ: ದೋಷ ಎಲ್ಲಿದೆ ಅಂತ ಗೊತ್ತಾಗುವವರೆಗೆ ಯಾವ ಗುಂಡಿಯನ್ನೂ ತಿರುಗಿಸಬೇಡಿ. ಈಗ ಯಾವುದು ಎಷ್ಟರಲ್ಲಿದೆ ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದಿಡಿ.

ದನಿ ಬರುವ ದಾರಿಯಲ್ಲಿ ಎಲ್ಲಿ ಕೆಟ್ಟಿದೆ?

ದನಿ ನಿಮ್ಮ ಕಿವಿಗೆ ಬರುವ ಮೊದಲು ರೆಕಾರ್ಡಿಂಗ್ ಫೈಲು, ಪ್ಲೇಯರ್, ವಯರು, ಸ್ಪೀಕರು ಎಲ್ಲವನ್ನೂ ದಾಟಿ ಬರುತ್ತದೆ. ಕೊನೆಯದು ಕಟ್ಟಡ. ಅದನ್ನು ಮರೆಯುವವರೇ ಜಾಸ್ತಿ.

ಪ್ಲೇಯರಿಗೇ ನೇರವಾಗಿ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲೇ ಮಾತು ಮಸುಕಾಗಿದ್ದರೆ, ಗುಂಯ್ ಅನ್ನುತ್ತಿದ್ದರೆ, ದೋಷ ಫೈಲಿನಲ್ಲೋ ಪ್ಲೇಯರಿನಲ್ಲೋ ಇದೆ. ಅದೇ ಫೈಲನ್ನು ಫೋನಿಗೆ ಹಾಕಿ ಕೇಳಿದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದರೆ ಫೈಲನ್ನು ಬಿಟ್ಟು ಮುಂದೆ ಹೋಗಿ.

ಈಗ ಒಂದೇ ಸ್ಪೀಕರ್ ಇಟ್ಟುಕೊಂಡು ಉಳಿದವನ್ನೆಲ್ಲ ಆಫ್ ಮಾಡಿ. ಸ್ಪೀಕರಿನಿಂದ ಒಂದು ಮೊಳ ದೂರ ಕಿವಿಯಿಟ್ಟು ಕೇಳಿ. ಅಷ್ಟು ಹತ್ತಿರದಲ್ಲೂ ಕೆಟ್ಟದಾಗಿದ್ದರೆ ವಯರು ಅಥವಾ ಸ್ಪೀಕರು. ಹತ್ತಿರದಲ್ಲಿ ಚೆನ್ನಾಗಿದ್ದು, ಐದಾರು ಹೆಜ್ಜೆ ಹಿಂದೆ ಹೋದಾಗ ಕೆಟ್ಟರೆ ಅದು ಕಟ್ಟಡದ ಕೆಲಸ. ಹೊಸ ಸ್ಪೀಕರ್ ಕೊಂಡರೂ, ಹೊಸ ವಯರ್ ಎಳೆದರೂ ಅದು ಹೋಗುವುದಿಲ್ಲ. ಈ ಪರೀಕ್ಷೆಗೆ ಕಾಲು ಗಂಟೆ ಸಾಕು. ಇದನ್ನು ಮಾಡದೆ ಸ್ಪೀಕರ್ ಬದಲಿಸಲು ಹಣ ಕೇಳಬೇಡಿ. ಅದು ಊರವರು ಕೂಡಿಸಿಕೊಟ್ಟ ಹಣ.

ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಎಂಬತ್ತು ದಾಟಿದ ಒಬ್ಬರು ನಂಬಿಕೆಯಿಟ್ಟು ತಮ್ಮ ಬದುಕಿನ ಮಾತು ಕೊಟ್ಟಿರುತ್ತಾರೆ. ಅದು ಬರೀ ಗೊಗ್ಗರು ಸದ್ದಾಗಿ ಕೇಳಬಾರದು.

ಮೊದಲು ಕಟ್ಟಡವನ್ನು ತಿಳಿದುಕೊಳ್ಳಿ. ಬಲಿಪೂಜೆ, ಪ್ರಾರ್ಥನೆ ಯಾವುದೂ ಇಲ್ಲದ ಹೊತ್ತಿನಲ್ಲಿ ಫಾದರ್ ಅವರ ಒಪ್ಪಿಗೆ ಪಡೆದು, ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಒಂದು ಬಲೂನ್ ಒಡೆದರೆ ಇನ್ನೂ ಚೆನ್ನ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸದ್ದು ಪೂರ್ತಿ ಅಡಗಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. ಸದ್ದು 60 ಡೆಸಿಬಲ್ ಇಳಿಯಲು ಬೇಕಾಗುವ ಹೊತ್ತನ್ನು ಅನುರಣನ ಕಾಲ ಅಂತ ಲೆಕ್ಕ ಹಾಕುತ್ತಾರೆ. ಬಲೂನಿನ ಅಂದಾಜು ಅದಕ್ಕೆ ಹತ್ತಿರ ಬರುತ್ತದೆ, ನಮ್ಮ ಕೆಲಸಕ್ಕೆ ಸಾಕು. ಭಾಷಣಕ್ಕೆ ಒಂದು ಸೆಕೆಂಡಿನ ಆಸುಪಾಸು ಹಿತ. ಖಾಲಿ ಇರುವ ದೊಡ್ಡ ಕಲ್ಲಿನ ಚರ್ಚಿನಲ್ಲಿ ನಾಲ್ಕು ಸೆಕೆಂಡ್ ಬಂದರೆ ಆಶ್ಚರ್ಯವಿಲ್ಲ.

ನಾಲ್ಕು ಸೆಕೆಂಡ್ ಅಂದರೆ ಏನಾಗುತ್ತದೆ? ಕ, ಚ, ಟ, ತ, ಪ ಇವೆಲ್ಲ ಚಿಟಿಕೆಯಷ್ಟು ಹೊತ್ತಿನ, ಮೆಲ್ಲನೆಯ ಸದ್ದುಗಳು. ಆ, ಓ ಮೊದಲಾದ ಸ್ವರಗಳು ಉದ್ದ, ಜೋರು. ಹಿಂದಿನ ಸ್ವರದ ಬಾಲ ಇನ್ನೂ ಚಾವಣಿಯಲ್ಲಿ ತಿರುಗುತ್ತಿರುವಾಗಲೇ ಮುಂದಿನ ವ್ಯಂಜನ ಬರುತ್ತದೆ, ಮುಳುಗುತ್ತದೆ. ಹಾಡು ಇದನ್ನು ತಡೆದುಕೊಳ್ಳುತ್ತದೆ. ಹಾಡಿಗೆ ಇದು ಬೇಕು ಕೂಡ. ಮಾತು ತಡೆದುಕೊಳ್ಳುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಕಷ್ಟವಿಲ್ಲ. 30 ಮೀಟರ್ ಉದ್ದ, 12 ಮೀಟರ್ ಅಗಲ, 11 ಮೀಟರ್ ಎತ್ತರದ ಚರ್ಚು ಅಂದುಕೊಳ್ಳಿ. ಒಳಗೆ ಸುಮಾರು 4000 ಘನ ಮೀಟರ್ ಗಾಳಿ. ಅನುರಣನ ನಾಲ್ಕು ಸೆಕೆಂಡ್. ಇಲ್ಲಿ ಒಂದು ಚಿಕ್ಕ ಸ್ಪೀಕರಿನಿಂದ ಎರಡೂವರೆಯಿಂದ ನಾಲ್ಕು ಮೀಟರ್ ದೂರದಲ್ಲಿ ನೇರವಾಗಿ ಬರುವ ದನಿ ಮತ್ತು ಗೋಡೆಗೆ ಬಡಿದು ಬರುವ ದನಿ ಸಮವಾಗುತ್ತವೆ. ಅದರಾಚೆ ಕಟ್ಟಡದ ದನಿಯೇ ಮೇಲುಗೈ. ಸ್ಪೀಕರನ್ನು ಕಂಬದ ತುದಿಗೆ, ಐದು ಮೀಟರ್ ಎತ್ತರದಲ್ಲಿ ಕಟ್ಟಿದರೆ ಕೆಳಗಿರುವ ಯಾರೊಬ್ಬರಿಗೂ ನೇರ ದನಿ ಸಾಕಷ್ಟು ಸಿಗುವುದಿಲ್ಲ ಅಂತಾಯಿತು. ಎತ್ತರಕ್ಕೆ ಕಟ್ಟಿದರೆ ಎಲ್ಲರಿಗೂ ಕೇಳುತ್ತದೆ ಅನ್ನುವುದು ಮೈದಾನದ ಲೆಕ್ಕ. ಇಲ್ಲಿ ನಡೆಯುವುದಿಲ್ಲ.

ಮದ್ದು ಇದರಲ್ಲೇ ಇದೆ. ಸ್ಪೀಕರನ್ನು ಕೆಳಗಿಳಿಸಿ. ಕೂತವರ ಕಿವಿಯ ಮಟ್ಟಕ್ಕೆ, ಒಂದೆರಡು ಮೀಟರ್ ಹತ್ತಿರಕ್ಕೆ ತನ್ನಿ. ಪಕ್ಕದಲ್ಲಿ ಕೂತವರು ಮಾತಾಡುವಷ್ಟೇ ಸದ್ದು ಇಡಿ. ಸ್ಪೀಕರಿನ ಮುಖ ಗೋಡೆಯ ಕಡೆ ಬೇಡ, ಬೆಂಚಿನ ಕಡೆ ಇರಲಿ. ಬೆಂಚಿನಲ್ಲಿ ಜನ ಇರುತ್ತಾರೆ, ಜನ ಸದ್ದನ್ನು ಹೀರುತ್ತಾರೆ. ಮೂಲೆಯಲ್ಲಿ ಇಡಬೇಡಿ, ದಪ್ಪ ಸ್ವರ ಉಬ್ಬುತ್ತದೆ. ಬಲಿಪೀಠದ ಹಿಂದಿನ ಅರ್ಧಗೋಳದ ಗೋಡೆಯ ಕಡೆಗಂತೂ ತಿರುಗಿಸಲೇಬೇಡಿ. ಒಳಬಾಗಿದ ಗೋಡೆ ಸದ್ದನ್ನೆಲ್ಲ ಎಲ್ಲೋ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಮಾತಿನ ಫೈಲುಗಳಲ್ಲಿ 120 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಹೆಂಗಸರ ದನಿಯಾದರೆ 150ರವರೆಗೂ ಹೋಗಬಹುದು. ಅರ್ಥಕ್ಕೆ ಬೇಕಾದದ್ದು ಬಹುಪಾಲು 1000ದಿಂದ 4000 ಹರ್ಟ್ಜ್ ನಡುವೆ ಇರುತ್ತದೆ. ಕೆಳಗಿನದ್ದು ಬರೀ ಗುಡುಗುತ್ತದೆ.

ಆದರೂ ಸರಿಹೋಗದಿದ್ದರೆ ರೆಕಾರ್ಡಿಂಗನ್ನು ಮತ್ತೆ ಹೆಡ್‌ಫೋನಿನಲ್ಲಿ ಕೇಳಿ. ಈ ಸಲ ಬೇರೆ ಪ್ರಶ್ನೆ: ಅದರಲ್ಲೇ ಒಂದು ಕೋಣೆಯ ಪ್ರತಿಧ್ವನಿ ಇದೆಯಾ? ವಾತಾವರಣ ಬರಲಿ ಅಂತ ಅದೇ ಚರ್ಚಿನಲ್ಲೇ ದನಿ ತೆಗೆದಿದ್ದರೆ, ಅಥವಾ ಖಾಲಿ ಹಾಲ್‌ನಲ್ಲಿ ತೆಗೆದಿದ್ದರೆ, ಈಗ ಕೇಳುತ್ತಿರುವುದು ಎರಡು ಕಟ್ಟಡಗಳ ಪ್ರತಿಧ್ವನಿ. ಇದನ್ನು ಸಾಫ್ಟ್‌ವೇರ್‌ನಿಂದ ಪೂರ್ತಿ ತೆಗೆಯಲು ಆಗುವುದಿಲ್ಲ. ಮತ್ತೆ ರೆಕಾರ್ಡ್ ಮಾಡಬೇಕು. ಅವರ ಮನೆಯಲ್ಲೇ ಮಾಡಿ. ಹಾಸಿಗೆ, ಹೊದಿಕೆ, ಬಟ್ಟೆ ತುಂಬಿದ ಮಲಗುವ ಕೋಣೆ ಎಷ್ಟೋ ಸ್ಟುಡಿಯೊಗಿಂತ ವಾಸಿ. ಮೈಕು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿ. ಫ್ಯಾನ್ ಆಫ್. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ 40 ಸ್ಪೀಕರುಗಳಲ್ಲಿ 40 ದನಿಗಳನ್ನು ಇಟ್ಟಾಗಲೂ ಪ್ರತಿ ಹಾಡುಗಾರರ ದನಿಯನ್ನು ಬೇರೆ ಬೇರೆ ಮೈಕಿನಲ್ಲಿ ತೆಗೆದಿದ್ದರು. ಕೇಳುವವರು ಒಬ್ಬೊಬ್ಬರ ಹತ್ತಿರ ಹೋಗಿ ನಿಲ್ಲಲು ಸಾಧ್ಯವಾದದ್ದು ಅದರಿಂದಲೇ.

ಎಡಿಟ್ ಮಾಡುವಾಗ ವಾಕ್ಯಗಳ ನಡುವೆ ಜಾಗ ಬಿಡಿ. ರೇಡಿಯೊದಲ್ಲಿ ಒಂದು ಸೆಕೆಂಡಿನ ಮೌನ ಉದ್ದ ಅನ್ನಿಸುತ್ತದೆ. ಇಲ್ಲಿ ಮೂರು ಸೆಕೆಂಡ್ ಬಿಟ್ಟರೂ ಕಟ್ಟಡವೇ ಅದನ್ನು ತುಂಬುತ್ತದೆ. ಆ ಬಾಲವನ್ನು ಪೂರ್ತಿ ಕೇಳಲು ಬಿಟ್ಟರೆ ಅದೇ ಈ ಜಾಗದ ಸೊಗಸು.

ಪರೀಕ್ಷೆ ಯಾವಾಗ ಮಾಡುತ್ತೀರಿ ಅನ್ನುವುದೂ ಮುಖ್ಯ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಅನ್ನುವ ಯುವ ಅಧ್ಯಾಪಕರಿಗೆ ಬಂತು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಸೀಟಿನ ದಿಂಬುಗಳನ್ನು ತರಿಸಿ, ಸ್ವಲ್ಪ ಸ್ವಲ್ಪವೇ ಜೋಡಿಸುತ್ತಾ, ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ಕಟ್ಟಡದ ಶಬ್ದದ ಲೆಕ್ಕವೆಲ್ಲ ಅಲ್ಲಿಂದ ಶುರುವಾದದ್ದು. ಜನರೂ ದಿಂಬಿನ ಹಾಗೆಯೇ ಸದ್ದು ಹೀರುತ್ತಾರೆ. ಮೇಲೆ ಲೆಕ್ಕ ಹಾಕಿದ ಚರ್ಚಿನಲ್ಲಿ ಮುನ್ನೂರು ಜನ ಕೂತರೆ ನಾಲ್ಕು ಸೆಕೆಂಡಿನ ಅನುರಣನ ಎರಡು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ಭಾನುವಾರದ ಪೂಜೆ ಮುಗಿದ ಕೂಡಲೇ, ಜನ ಇನ್ನೂ ಒಳಗಿರುವಾಗ ಕೇಳಿ ನೋಡಿ, 'ಚೆನ್ನಾಗಿದೆ' ಅಂದರೆ ಮೋಸ ಹೋಗುತ್ತೀರಿ. ನಿಮ್ಮ ಪ್ರದರ್ಶನಕ್ಕೆ ಒಂದು ಹೊತ್ತಿಗೆ ಹತ್ತು ಜನ ಬರುತ್ತಾರೆ. ಖಾಲಿ ಚರ್ಚಿನಲ್ಲೇ ಪರೀಕ್ಷಿಸಿ. ಫ್ಯಾನುಗಳು ಮಾತ್ರ ಓಡುತ್ತಿರಲಿ. ಏಪ್ರಿಲ್ ತಿಂಗಳಲ್ಲಿ ಯಾರೂ ಫ್ಯಾನ್ ಇಲ್ಲದೆ ಕೂರುವುದಿಲ್ಲ, ಅಲ್ವಾ?

ಒಂದೇ ದನಿ ಎರಡು ಸಲ ಕೇಳಿದರೆ

ಒಂದೇ ಫೈಲು ಎರಡು ಸ್ಪೀಕರಿನಲ್ಲಿ ಬರುತ್ತಿದ್ದರೆ ಮಾತ್ರ ಇದನ್ನು ನೋಡಿ. ಒಂದನ್ನು ಆಫ್ ಮಾಡಿ. ಮಾತು ಥಟ್ಟನೆ ಸ್ಪಷ್ಟವಾದರೆ ದೋಷ ಹೊತ್ತಿನದ್ದು. ಆಫ್ ಮಾಡಿದರೂ ಹಾಗೆಯೇ ಇದ್ದರೆ ಮೇಲಿನ ಭಾಗಕ್ಕೆ ಹಿಂತಿರುಗಿ.

ಸದ್ದು ಒಂದು ಮೀಟರ್ ದಾಟಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ದೂರದ ಸ್ಪೀಕರ್ ಹತ್ತಿರದ್ದಕ್ಕಿಂತ 17 ಮೀಟರ್ ಆಚೆಗಿದ್ದರೆ ಅದರ ದನಿ 50 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತಡ 30 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಎರಡನ್ನೂ ಒಂದೇ ಅಂತ ತೆಗೆದುಕೊಳ್ಳುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದು ಇದನ್ನೇ. ಅದು ದಾಟಿದರೆ ಪ್ರತಿಧ್ವನಿ. ದೊಡ್ಡ ಚರ್ಚುಗಳ ಧ್ವನಿವರ್ಧಕದವರು ದೂರದ ದನಿ ಬಂದು ಸೇರಲು ಬೇಕಾಗುವಷ್ಟು ಹೊತ್ತು ಕೇಳುಗರ ಹತ್ತಿರದ ಸ್ಪೀಕರಿನ ದನಿಯನ್ನು ತಡಮಾಡಿ ಕಳಿಸುತ್ತಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ 1950ರ ದಶಕದ ಆರಂಭದಲ್ಲೇ ಹೀಗೆ ಮಾಡಿದ್ದರು.

ನಮ್ಮ ಕೆಲಸದಲ್ಲಿ ಅಷ್ಟೆಲ್ಲ ಬೇಡ. ಜನ ಓಡಾಡುತ್ತಿರುತ್ತಾರೆ, ಒಬ್ಬರಿಗೆ ಸರಿಮಾಡಿದ್ದು ಇನ್ನೊಬ್ಬರಿಗೆ ತಪ್ಪಾಗುತ್ತದೆ. ಒಂದು ದನಿಗೆ ಒಂದೇ ಸ್ಪೀಕರ್ ಇಡಿ.

ಗುಂಯ್ ಅನ್ನುವ ಸದ್ದು

ಇಲ್ಲಿ ನಿಧಾನವಾಗಿ ಹೋಗಬೇಕು. ವಿದ್ಯುತ್ತಿನ ವಿಷಯ, ಮತ್ತೆ ಹಳೆಯ ಕಟ್ಟಡದ ವಯರಿಂಗ್.

ಸ್ಪೀಕರಿಗೆ ದನಿ ತರುವ ವಯರನ್ನು ಕಿತ್ತು ನೋಡಿ, ಕರೆಂಟಿನದ್ದು ಹಾಗೇ ಇರಲಿ. ಗುಂಯ್ ನಿಲ್ಲದಿದ್ದರೆ ಸ್ಪೀಕರಿನದ್ದೇ ದೋಷ. ಇನ್ನೊಂದು ಸ್ಪೀಕರನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಖಾತ್ರಿಯಾಗುತ್ತದೆ. ವಯರ್ ಕಿತ್ತಾಗ ಸದ್ದು ನಿಂತರೆ ಅದು ವಯರಿನ ದಾರಿಯಲ್ಲಿ ಬರುತ್ತಿದೆ. ಪ್ಲೇಯರ್ ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ಮಾಯವಾಯಿತೇ? ಹಾಗಾದರೆ ಅರ್ತಿಂಗ್ ಸುತ್ತು ಬಿದ್ದಿದೆ.

ಚರ್ಚುಗಳಲ್ಲಿ ಇದು ಸಾಮಾನ್ಯ, ಕಾರಣ ಕಟ್ಟಡದ ಬೆಳವಣಿಗೆಯಲ್ಲೇ ಇದೆ. ಮೊದಲು ದೀಪಕ್ಕೆ ಅಂತ ಒಂದು ವಯರಿಂಗ್ ಬಂತು. ಆಮೇಲೆ ಫ್ಯಾನಿಗೆ, ಮೈಕಿಗೆ, ಮಾಳಿಗೆಯ ಕೀಬೋರ್ಡಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಎಳೆದರು. ಸ್ಯಾಕ್ರಿಸ್ಟಿಯ (ಪೂಜೆಯ ಬಟ್ಟೆ, ಸಾಮಾನು ಇಡುವ ಕೋಣೆ) ಸಾಕೆಟ್ಟಿನ ಅರ್ತಿಂಗ್, ಮಾಳಿಗೆಯ ಸಾಕೆಟ್ಟಿನ ಅರ್ತಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನೀವು ಪ್ಲೇಯರನ್ನು ಇಲ್ಲಿ, ಸ್ಪೀಕರನ್ನು ಅಲ್ಲಿ ಹಾಕಿ ನಡುವೆ ಆಡಿಯೊ ವಯರ್ ಎಳೆದಾಗ, ಎರಡು ಅರ್ತಿಂಗ್‌ಗಳ ನಡುವಿನ ವ್ಯತ್ಯಾಸ ನಿಮ್ಮ ವಯರಿನಲ್ಲೇ ಹರಿಯುತ್ತದೆ. ಅದು 50 ಹರ್ಟ್ಜ್ ಗುಂಯ್ ಆಗಿ ಕೇಳುತ್ತದೆ.

ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ, ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡುಗಳ ಮೂಲಕ ಹಂಚಿ. ಚಿಕ್ಕ ಸ್ಪೀಕರುಗಳು ಹೆಚ್ಚು ಕರೆಂಟ್ ಎಳೆಯುವುದಿಲ್ಲ. ಹಾಗೆ ಆಗದಿದ್ದರೆ ವಯರಿನ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ದನಿಯನ್ನು ದಾಟಿಸಿ, ಎರಡು ಕಡೆಯ ಅರ್ತಿಂಗ್ ಕೂಡದ ಹಾಗೆ ತಡೆಯುವ ಚಿಕ್ಕ ಪೆಟ್ಟಿಗೆ ಅದು. ಉದ್ದದ ವಯರೆಲ್ಲ ಬ್ಯಾಲೆನ್ಸ್ಡ್ (ದಾರಿಯಲ್ಲಿ ಸೇರುವ ಗದ್ದಲವನ್ನು ಕಳೆಯಲು ದನಿಯನ್ನು ಎರಡು ತಂತಿಗಳಲ್ಲಿ ಕಳಿಸುವಂಥದ್ದು) ಇರಲಿ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವುದು, ವಯರ್ ಬಿಚ್ಚಿ ಅರ್ತ್ ಬಿಡಿಸುವುದು. ಗುಂಯ್ ನಿಲ್ಲುತ್ತದೆ, ನಿಜ. ಜೊತೆಗೆ ಸ್ಪೀಕರಿನ ಲೋಹದ ಮೈಗೆ ಕರೆಂಟ್ ಸೋರಿದ ದಿನ ಅದನ್ನು ತಡೆಯಲು ಏನೂ ಇರುವುದಿಲ್ಲ. ಮಕ್ಕಳು ಮುಟ್ಟುವ ಎತ್ತರದಲ್ಲಿ ಸ್ಪೀಕರ್ ಇಟ್ಟಿದ್ದೀರಿ. ಮಳೆಗಾಲದಲ್ಲಿ ಜನ ಒದ್ದೆ ಕಾಲಿನಲ್ಲಿ ಬರುತ್ತಾರೆ. ಯಾವುದೇ ಪೆಟ್ಟಿಗೆ ಮುಟ್ಟಿದಾಗ ಚುರುಕ್ ಅಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಹಳೆಯ ಸಾಕೆಟ್ಟುಗಳಲ್ಲಿ ಮೂರು ತೂತಿದ್ದರೂ ಅರ್ತ್ ವಯರೇ ಇಲ್ಲದಿರಬಹುದು. ಕೆಲಸ ಶುರುಮಾಡುವ ಮೊದಲೇ ಎಲೆಕ್ಟ್ರಿಷಿಯನ್‌ರಿಂದ ಪ್ರತಿ ಸಾಕೆಟ್ ಪರೀಕ್ಷೆ ಮಾಡಿಸಿ. ನಿಮ್ಮ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್, ಹಾಕಿಸಿ.

ಗುಂಯ್ ಅಲ್ಲ, ಜರ್ ಅನ್ನುವ ಗರಗಸದ ಸದ್ದಾದರೆ ಅನುಮಾನ ಬೇರೆ ಕಡೆ ಹೋಗಲಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ದೀಪದ ಡಿಮ್ಮರ್, ಹಬ್ಬಕ್ಕೆ ಹಾಕಿದ ಸೀರಿಯಲ್ ಸೆಟ್. ಒಬ್ಬರು ಸ್ವಿಚ್ ಬೋರ್ಡಿನ ಹತ್ತಿರ ನಿಂತು ಒಂದೊಂದೇ ಆರಿಸಲಿ, ಇನ್ನೊಬ್ಬರು ಸ್ಪೀಕರಿನ ಹತ್ತಿರ ಕೇಳಲಿ. ಸಿಕ್ಕಿದ ಮೇಲೆ ಆಡಿಯೊ ವಯರನ್ನು ಆ ಕರೆಂಟ್ ವಯರಿನಿಂದ ದೂರಕ್ಕೆ ಎಳೆಯಿರಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಪಕ್ಕಪಕ್ಕದಲ್ಲಿ ಓಡಿಸಬೇಡಿ.

ಸುಮ್ನೆ ಉಸ್ ಅನ್ನುತ್ತಿದ್ದರೆ ಚಿಂತೆ ಬೇಡ. ಪ್ಲೇಯರಿನ ವಾಲ್ಯೂಮ್ ಕಡಿಮೆ, ಸ್ಪೀಕರಿನದ್ದು ಜಾಸ್ತಿ ಇದೆ ಅಂತ ಅರ್ಥ. ಅದಲು ಬದಲು ಮಾಡಿ.

ಒಂದೇ ಸ್ವರಕ್ಕೆ ಏನೋ ಅದುರುತ್ತದೆ

ವೊವಿಯೊದ ಒಂದು ಕಡೆ, ಅಥವಾ ಗಂಟೆಯ ಸದ್ದು ಬಂದಾಗ ಮಾತ್ರ, ಸ್ಪೀಕರ್ ಹರಿದ ಹಾಗೆ ಝರ್ ಅನ್ನುತ್ತದೆ. ಸ್ಪೀಕರ್ ಬದಲಿಸಿದರೂ ಹೋಗುವುದಿಲ್ಲ. ನನಗೆ ಇಷ್ಟವಾದ ಹುಡುಕಾಟ ಇದು. ಇದನ್ನು ಹುಡುಕುತ್ತಾ ಇಡೀ ಕಟ್ಟಡದ ಪರಿಚಯವಾಗುತ್ತದೆ.

ಫೋನಿನ ಟೋನ್ ಆ್ಯಪ್‌ನಿಂದ 60 ಹರ್ಟ್ಜ್‌ನಿಂದ 300ರವರೆಗೆ ಬಹಳ ನಿಧಾನವಾಗಿ ಏರುವ ಸ್ವರವನ್ನು ಸ್ಪೀಕರಿಗೆ ಕೊಡಿ. ಮೆಲ್ಲಗೆ ಇರಲಿ. ಎಲ್ಲಿ ಅದುರಿತೋ ಅಲ್ಲಿಗೆ ನಿಲ್ಲಿಸಿ, ಅದೇ ಸ್ವರವನ್ನು ಹಿಡಿದಿಟ್ಟು, ಕಿವಿ ಕೊಟ್ಟು ಸುತ್ತಾಡಿ. ಬಣ್ಣದ ಗಾಜಿನ ಒಂದು ತುಂಡು ಅದರ ಚೌಕಟ್ಟಿನಲ್ಲಿ ಸಡಿಲವಾಗಿರುತ್ತದೆ. ಇಲ್ಲವೇ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು, ಬೆಂಚಿನ ಮೊಣಕಾಲೂರುವ ಹಲಗೆ, ಗೋಡೆಗೆ ತೂಗುಹಾಕಿದ ಪ್ರತಿಮೆಯ ಚೌಕಟ್ಟು, ಟ್ಯೂಬ್‌ಲೈಟಿನ ಪಟ್ಟಿ. ಅನುಮಾನ ಬಂದ ಬೆಂಚಿನ ಹಲಗೆಯಂಥದ್ದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ನಿಂತರೆ ಅದೇ.

ಹಲಗೆಯ ಕೆಳಗೆ ತುಂಡು ಬಟ್ಟೆ ಸೇರಿಸಿದರೆ ಮುಗಿಯಿತು. ಹಳೆಯ ಗಾಜನ್ನು ಮಾತ್ರ ಬೆರಳಿನಿಂದಲೂ ಒತ್ತಬೇಡಿ, ಬಿಗಿಮಾಡಲು, ಅಂಟು ಹಾಕಲು ಹೋಗಬೇಡಿ. ಅದು ಸಡಿಲವಾಗಿದೆ ಅಂತ ಫಾದರ್ ಅವರಿಗೆ ತಿಳಿಸಿ. ನಿಮ್ಮ ಫೈಲಿನಲ್ಲಿ ಆ ಒಂದು ಸ್ವರದ ಸುತ್ತ ಮಾತ್ರ ನಾಲ್ಕೈದು ಡೆಸಿಬಲ್ ಇಳಿಸಿ, ಅಥವಾ ಸ್ಪೀಕರನ್ನು ಎರಡು ಹೆಜ್ಜೆ ಸರಿಸಿ. ಕಟ್ಟಡ ಸರಿಹೊಂದಲಿ ಅಂತ ಕಾಯುವುದಲ್ಲ, ನಾವು ಸರಿಹೊಂದಬೇಕು.

ಸ್ಪೀಕರನ್ನು ನಿಲ್ಲಿಸುವಾಗಲೂ ಇದೇ ಮಾತು. ಸುಣ್ಣದ ಗಾರೆಗೆ ಮೊಳೆ ಬೇಡ, ಸ್ಕ್ರೂ ಬೇಡ, ಟೇಪೂ ಬೇಡ. ಟೇಪು ಕಿತ್ತಾಗ ಸುಣ್ಣದ ಪದರವೂ ಜೊತೆಗೇ ಬರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ ಬರೆದ ಚಿತ್ರಗಳು ಗೋಡೆ, ಚಾವಣಿ ತುಂಬ ಇವೆ. ಅಂಥ ಜಾಗದಲ್ಲಿ ಗೋಡೆಯ ಹತ್ತಿರ ಏನನ್ನಾದರೂ ಇಡುವ ಮೊದಲೇ ಅದನ್ನು ನೋಡಿಕೊಳ್ಳುವವರನ್ನು ಕೇಳಬೇಕು. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿ ನೆಲದ ಮೇಲೇ ನಿಲ್ಲಿಸಿ. ಭಾರಿ ಬಾಸ್ ಸ್ಪೀಕರ್ ಈ ಕೆಲಸಕ್ಕೆ ಬೇಕಿಲ್ಲ.

ತಡೆದು ತಡೆದು ಬರುವುದು, ತಾನಾಗಿ ಶುರುವಾಗುವುದು

ಬ್ಲೂಟೂತ್ ಬಳಸಿದ್ದರೆ ಕಾರಣ ಹುಡುಕಬೇಡಿ, ವಯರಿಗೆ ಬನ್ನಿ. ದಪ್ಪ ಗೋಡೆ, ಕಂಬಗಳು, ಬಂದವರೆಲ್ಲರ ಫೋನು. ಖಾಲಿ ಚರ್ಚಿನಲ್ಲಿ ಚೆನ್ನಾಗಿ ನಡೆದದ್ದು ಹಬ್ಬದ ದಿನ ಕೈಕೊಡುತ್ತದೆ.

ವಯರಿನಲ್ಲೂ ಕರಕರ ಅಂದರೆ ಪ್ಲಗ್ಗನ್ನು ಹಿಡಿದು ಮೆಲ್ಲಗೆ ತಿರುಗಿಸಿ. ಸದ್ದು ಬದಲಾದರೆ ಪ್ಲಗ್ಗಿನ ಮೇಲೆ ಉಪ್ಪು ಗಾಳಿ ಕೆಲಸ ಮಾಡಿದೆ. ಕಡಲ ಹತ್ತಿರ ಒಂದು ಮಳೆಗಾಲ ಸಾಕು, ಲೋಹ ಮಂಕಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ.

ಜನ ಹತ್ತಿರ ಬಂದಾಗ ದನಿ ಶುರುವಾಗಲಿ ಅಂತ ಪಿಐಆರ್ ಸೆನ್ಸರ್ ಹಾಕಿದ್ದೀರಾ? ಯಾರೂ ಇಲ್ಲದಾಗ ಶುರುವಾಗುತ್ತಿದ್ದರೆ ಬಿಸಿಲು ಬೀಳುವ ಕಿಟಕಿ, ಬಿಸಿ ಗಾಳಿ, ಪಾರಿವಾಳ ಇವನ್ನು ನೋಡಿ. ಜನ ಬಂದರೂ ಶುರುವಾಗದಿದ್ದರೆ ಕಾರಣ ಸೆಖೆ. ಈ ಸೆನ್ಸರ್ ಮೈಯ ಬಿಸಿ ಮತ್ತು ಸುತ್ತಲಿನ ಬಿಸಿಯ ವ್ಯತ್ಯಾಸವನ್ನು ಹಿಡಿಯುತ್ತದೆ. ಮಧ್ಯಾಹ್ನ 34-35 ಡಿಗ್ರಿ ಇರುವಾಗ ಆ ವ್ಯತ್ಯಾಸವೇ ಕಡಿಮೆ. ಒಂದು ದೊಡ್ಡ ಒತ್ತುಗುಂಡಿ ಇಡಿ. ಅಜ್ಜಂದಿರಿಗೂ ಮಕ್ಕಳಿಗೂ ಅದೇ ಸುಲಭ.

ಜೋರು ಮಳೆ ಹಂಚಿನ ಮೇಲೆ ಸುರಿಯುವಾಗ ಏನೂ ಕೇಳುವುದಿಲ್ಲ. ಅದಕ್ಕೆ ಮದ್ದಿಲ್ಲ, ಹುಡುಕಲೂ ಬೇಡಿ. ನಿಲ್ಲಿಸಿ, ಮಳೆ ಹೋದ ಮೇಲೆ ಶುರುಮಾಡಿ.

'ನಮ್ಮವರ ದನಿ ಕೇಳುತ್ತಿಲ್ಲ'

ಉಪಕರಣವೆಲ್ಲ ಸರಿಯಿದ್ದೂ ಬರುವ ದೂರು ಇದು. ಚರ್ಚಿನ ಒಂದು ವಾರ್ಡಿನ ಗುರ್ಕಾರರು, ಅಂದರೆ ಮುಖಂಡರು, ಬಂದು 'ನಮ್ಮ ಅಜ್ಜಿಯವರ ದನಿ ಆ ಕಡೆಯವರ ದನಿಯಲ್ಲಿ ಮುಚ್ಚಿಹೋಗಿದೆ' ಅನ್ನುತ್ತಾರೆ. ಇದನ್ನು ಮುನಿಸು ಅಂತ ತಳ್ಳಿಹಾಕಬೇಡಿ. ಗುಂಯ್ ಸದ್ದನ್ನು ಹುಡುಕಿದಷ್ಟೇ ಶ್ರದ್ಧೆಯಿಂದ ಹುಡುಕಿ. ಹೆಚ್ಚಾಗಿ ಅವರ ಮಾತು ನಿಜವೇ ಇರುತ್ತದೆ.

ಆ ಸ್ಪೀಕರಿನ ಮುಂದೆ ಕೂತು, ಅಕ್ಕಪಕ್ಕದ್ದನ್ನು ಒಂದೊಂದೇ ಆಫ್ ಮಾಡಿಸಿ. ಯಾವುದನ್ನು ಆರಿಸಿದಾಗ ಮಾತು ತಿಳಿಯಿತೋ ಅದು ಮುಚ್ಚುತ್ತಿದೆ. ಜೋರು ದನಿಯ ಗಂಡಸಿನ ಪಕ್ಕ ಮೆಲುದನಿಯ ಮುದುಕಿಯನ್ನು ಇಟ್ಟರೆ ಹೀಗಾಗುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡದ ಹಾಗೆ ಹೊತ್ತನ್ನು ಹಂಚಿ: ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಎಂಟು ಸ್ಪೀಕರಿದ್ದರೂ ಒಂದು ಹೊತ್ತಿಗೆ ಮಾತಾಡುವವರು ಇಬ್ಬರು ಮೂವರು ಸಾಕು. ಉಳಿದವು ಸುಮ್ಮನಿರಲಿ.

ಎಲ್ಲ ಫೈಲುಗಳ ಜೋರನ್ನು ಒಂದೇ ಮಟ್ಟಕ್ಕೆ ತನ್ನಿ. ಎಡಿಟಿಂಗ್ ಸಾಫ್ಟ್‌ವೇರಿನ ಲೌಡ್‌ನೆಸ್ ಮೀಟರಿನಿಂದ ಶುರುಮಾಡಿ, ಕೊನೆಯ ತೀರ್ಪು ಆ ಜಾಗದಲ್ಲೇ, ಕಿವಿಯಿಂದ. ನಿಮ್ಮ ಕಿವಿಯಿಂದ ಬೇಡ. ಆ ಮಾತುಗಳು ನಿಮಗೆ ಎಡಿಟ್ ಮಾಡಿ ಮಾಡಿ ಬಾಯಿಪಾಠವಾಗಿವೆ, ಅರ್ಧ ಕೇಳಿದರೂ ಪೂರ್ತಿ ಕೇಳಿದ ಹಾಗೆ ಅನ್ನಿಸುತ್ತದೆ. ಆ ಭಾಷೆ ಬಲ್ಲ, ಆದರೆ ರೆಕಾರ್ಡಿಂಗ್ ಕೇಳಿರದ ಒಬ್ಬರನ್ನು ಕೂರಿಸಿ, ಕೇಳಿದ್ದನ್ನು ತಿರುಗಿ ಹೇಳಲು ಕೇಳಿಕೊಳ್ಳಿ. ಎಲ್ಲಿ ತಡವರಿಸಿದರೋ ಅಲ್ಲಿ ದೋಷ. ಇದಕ್ಕಿಂತ ಒಳ್ಳೆಯ ಮೀಟರ್ ನನಗೆ ಇನ್ನೂ ಸಿಕ್ಕಿಲ್ಲ.

ವಯಸ್ಸಾದವರಿಗೆ ಇದೆಲ್ಲ ಮಾಡಿದರೂ ಕೇಳದಿರಬಹುದು. ವಯಸ್ಸಿನೊಂದಿಗೆ ಮೊದಲು ಕುಂದುವುದು ಮೇಲಿನ ಸ್ವರಗಳು, ವ್ಯಂಜನಗಳು ಇರುವುದು ಅಲ್ಲೇ. ಹಳೆಯ ಲ್ಯಾಂಡ್‌ಲೈನ್ ಫೋನಿನ ರಿಸೀವರ್ ಒಂದನ್ನು ಪ್ಲೇಯರಿಗೆ ಜೋಡಿಸಿ ಬೆಂಚಿನ ಬದಿಯಲ್ಲಿ ಇಡಿ. ಕಿವಿಗೆ ಹಿಡಿದರೆ ನಡುವೆ ಕಟ್ಟಡವೇ ಇರುವುದಿಲ್ಲ. ಅದನ್ನು ಹೇಗೆ ಹಿಡಿಯಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಯೂ ಇಲ್ಲ.

ಪ್ರತಿಯೊಬ್ಬರ ದನಿಯೂ ಬೇರೆ ಬೇರೆ ಫೈಲಿನಲ್ಲೇ ಉಳಿಯಲಿ. ಯಾರೋ ಒಬ್ಬರು, ಅಥವಾ ತೀರಿಕೊಂಡವರ ಮನೆಯವರು, 'ಇದನ್ನು ತೆಗೆದುಬಿಡಿ' ಅಂದರೆ ಅದೇ ದಿನ ತೆಗೆಯಲು ಆಗಬೇಕು. ಎಲ್ಲವನ್ನೂ ಬೆರೆಸಿ ಒಂದೇ ಫೈಲು ಮಾಡಿದರೆ ಅದು ಆಗುವುದಿಲ್ಲ.

ಕೊನೆಯದಾಗಿ, ಎಲ್ಲ ಸರಿಯಾದ ಮೇಲೆ ಒಮ್ಮೆ ಮೇನ್ ಆಫ್ ಮಾಡಿ ಆನ್ ಮಾಡಿ. ಒತ್ತುಗುಂಡಿ ಇಟ್ಟ ಕಡೆ ಬಿಟ್ಟು, ಯಾರೂ ಏನೂ ಒತ್ತದೆ ಎಲ್ಲ ದನಿಗಳೂ ತಾವಾಗಿ, ಮೊದಲಿದ್ದ ಮಟ್ಟದಲ್ಲೇ ಶುರುವಾಗಬೇಕು. ಕರೆಂಟ್ ಹೋಗಿ ಬರುವುದು ದಿನದ ಮಾತು, ಆ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಎಲ್ಲವೂ ಒಂದೇ ಸ್ವಿಚ್ಚಿಗೆ ಬರಲಿ. ಪೂಜೆಯ ಹೊತ್ತಿಗೆ ಆ ಸ್ವಿಚ್ ಆರಿಸಬೇಕಾದವರು ಚರ್ಚಿನ ಬಾಗಿಲು ತೆಗೆದು ಹಾಕುವವರು. ಅವರಿಗೆ ತೋರಿಸಿಕೊಡಿ, ಅವರ ಕೈಯಲ್ಲೇ ಮಾಡಿಸಿ ನೋಡಿ. ಸೆಟ್ಟಿಂಗಿನ ಫೋಟೊ, ವಯರಿನ ನಕ್ಷೆ, ಎಲೆಕ್ಟ್ರಿಷಿಯನ್‌ರ ನಂಬರು ಒಂದೇ ಹಾಳೆಯಲ್ಲಿ ಬರೆದು ಸ್ಯಾಕ್ರಿಸ್ಟಿಯ ಕಪಾಟಿನಲ್ಲಿಡಿ.